ಅಕ್ಕ, ತಂಗಿ ಮತ್ತು ನಾಲ್ಕು ಬಾಗಿಲಿನ ಪಿಕಪ್

ಹೊಸ ಗಾಡಿ ಯಾವುದೇ ಬರಲಿ, ನಾನು ಮೊದಲು ಹೋಗಿ ಕೂರುವುದು ಹಿಂದಿನ ಸೀಟಿನಲ್ಲಿ. ಗಾಡಿಗಳ ವಿಮರ್ಶೆ ಬರೆಯುವ ಉಳಿದವರು ಇದನ್ನು ಕಂಡು ನಗುತ್ತಾರೆ. ಅವರು ಬಾನೆಟ್ ಎತ್ತುತ್ತಾರೆ, ಟೈರಿಗೆ ಒದೆಯುತ್ತಾರೆ, ಸ್ಟೀರಿಂಗ್ ಹಿಡಿದು ಕಣ್ಣು ಮುಚ್ಚಿ ಧ್ಯಾನ ಮಾಡುತ್ತಾರೆ. ನಾನು ಸದ್ದಿಲ್ಲದೆ ಹಿಂದಿನ ಬಾಗಿಲು ತೆಗೆದು ಕೂತು, ಮಂಡಿ ಎಲ್ಲಿ ತಗಲುತ್ತದೆ, ಕಿಟಕಿಯಿಂದ ಏನು ಕಾಣುತ್ತದೆ, ತೂಕಡಿಕೆ ಬಂದರೆ ತಲೆ ಎಲ್ಲಿ ಒರಗಿಸಬಹುದು ಎಂದು ನೋಡುತ್ತೇನೆ. ಇದರ ಹಿಂದೆ ತತ್ವ ಗಿತ್ವ ಏನೂ ಇಲ್ಲ. ಹುಟ್ಟಿದಾಗಿನಿಂದ ನಾನು ಹಿಂದೆಯೇ ಕೂತವನು. ಮೊದಲು ಅಪ್ಪನ ಸೈಕಲ್ಲಿನ ಕ್ಯಾರಿಯರ್, ಆಮೇಲೆ ಕಾರ್ಖಾನೆ ಬಸ್ಸಿನ ಕೊನೆಯ ಸಾಲು, ನಡುನಡುವೆ ಲಗೇಜ್ ಆಟೋ.

ಲಗೇಜ್ ಆಟೋ ಎಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ರಾಜಗೋಪಾಲನಗರದಲ್ಲಿ ಸ್ವಂತ ಮನೆ ಆಗುವ ತನಕ ನಾವು ಪೀಣ್ಯದ ಸುತ್ತಮುತ್ತಲೇ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ತಿರುಗಿದವರು. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್. ಮನೆ ಬದಲಾಯಿಸುವ ದಿನ ಬೀರು, ಮಂಚ, ಅಕ್ಕಿ ಡಬ್ಬ ಎಲ್ಲ ಏರಿದ ಮೇಲೆ ಹಾಸಿಗೆ ಸುರುಳಿಯ ಮೇಲೆ ನನ್ನನ್ನು ಕೂರಿಸಿ, ನಿಲುವುಗನ್ನಡಿಯನ್ನು ತೊಡೆಯ ಮೇಲೆ ಮಲಗಿಸಿ, "ಬಿಟ್ಟೀಯಾ, ಜೋಪಾನ" ಎಂದು ಅಮ್ಮ ಎಚ್ಚರಿಸುತ್ತಿದ್ದಳು. ಆಟೋ ಹೊರಟರೆ ಕನ್ನಡಿಯೊಳಗೆ ಆಕಾಶ, ಕರೆಂಟು ತಂತಿ, ಕಾರ್ಖಾನೆಗಳ ಚಿಮಣಿ ಎಲ್ಲವೂ ಹಿಮ್ಮುಖವಾಗಿ ಓಡುತ್ತಿದ್ದವು. ಬಗ್ಗಿ ನೋಡಿದರೆ ಆ ಆಕಾಶದ ನಡುವೆ ನನ್ನದೇ ಮೂಗು. ಜಗತ್ತಿನ ಅತ್ಯಂತ ಸುಖದ ಪ್ರಯಾಣ ಯಾವುದೆಂದು ಯಾರಾದರೂ ಕೇಳಿದರೆ ನಾನು ಅದನ್ನೇ ಹೇಳುವವನು. ಆದರೆ ವಾಹನ ವಿಮರ್ಶಕನ ಬಾಯಲ್ಲಿ ಆ ಮಾತು ಬರಬಾರದಂತೆ, ಮರ್ಯಾದೆ ಹೋಗುತ್ತದಂತೆ.

ವಿಮರ್ಶಕ ಎಂದೆನಲ್ಲ, ಅದು ನನ್ನ ಹೊಟ್ಟೆಪಾಡಲ್ಲ. ವಾರವೆಲ್ಲ ಪೀಣ್ಯದ ಒಂದು ಟೂಲ್ ರೂಮಿನಲ್ಲಿ ತಯಾರಾದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಗಾಡಿಗಳ ಬಗ್ಗೆ ಬರೆಯುವುದು ಕನ್ನಡದ ಒಂದು ಮಾಸಪತ್ರಿಕೆಗೆ, ಹುಚ್ಚಿಗೆ. ಹೋದ ವರ್ಷ ಗಣೇಶನ ಹಬ್ಬ ಮುಗಿದ ಮೇಲೆ ಪತ್ರಿಕೆಯ ಸಂಪಾದಕರು ಫೋನ್ ಮಾಡಿ, ಒಂದು ಪಿಕಪ್ ಬರುತ್ತಿದೆ, ಮೂರು ದಿನ ಇಟ್ಟುಕೊಂಡು ಬರೆಯಿರಿ ಎಂದರು. ಪಿಕಪ್ ಎಂದರೆ ತರಕಾರಿ ಸಾಗಿಸುವ ಗಾಡಿ ಎಂದುಕೊಂಡು ಒಪ್ಪಿಕೊಂಡೆ.

ಬಂದದ್ದು ಬೇರೆಯೇ. ಮುಂದೆ ನಾಲ್ಕು ಬಾಗಿಲಿನ, ಐದು ಜನ ಕೂರುವ ಕಾರು. ಹಿಂದೆ ತೆರೆದ ಡಬ್ಬಿ. ಚಕ್ರಗಳು ನನ್ನ ಸೊಂಟದವರೆಗೆ. ಕಲ್ಲು ಮುಳ್ಳು ಮರಳುದಿಬ್ಬಗಳ ಮೇಲೆ ಹಾರಿಸಿಕೊಂಡು ಹೋಗಲೆಂದೇ ಮಾಡಿದ ಸ್ಪ್ರಿಂಗು, ಎರಡು ಟರ್ಬೊ ಇರುವ ಎಂಜಿನ್. ಸೀಟಿಗೆ ಕೆಂಪು ದಾರದ ಹೊಲಿಗೆ. ಸ್ಟೀರಿಂಗಿನ ಮೇಲೆ ಒಂದು ಗುಂಡಿ. ಒತ್ತಿದರೆ ಸೈಲೆನ್ಸರ್ ಗುಡುಗುತ್ತದೆ. ಸುಮ್ಮನೆ ಗುಡುಗುವುದಕ್ಕೇ ಒಂದು ಗುಂಡಿ. ತಂದು ಬಿಟ್ಟ ಕಂಪನಿಯವನು ಬೀಗದ ಕೈ ಕೊಡುತ್ತಾ, "ಸಾರ್, ಒಂದು ಗೀರೂ ಬೀಳ್ಬಾರ್ದು" ಎಂದು ನಮ್ಮ ಬೀದಿಯನ್ನು ಆ ಕಡೆಯಿಂದ ಈ ಕಡೆಗೆ ನೋಡಿ ನಿಟ್ಟುಸಿರುಬಿಟ್ಟು ಹೋದ.

ನಮ್ಮ ಬೀದಿಯಲ್ಲಿ ಎದುರುಬದುರು ಎರಡು ಸ್ಕೂಟರ್ ಬಂದರೆ ಒಬ್ಬರು ಇನ್ನೊಬ್ಬರ ಕ್ಷೇಮ ವಿಚಾರಿಸಿಯೇ ಮುಂದೆ ಹೋಗಬೇಕು. ಅಲ್ಲಿ ಈ ಗಾಡಿ ನಿಂತಿತು. ಹೂ ಮಾರುವ ಅಕ್ಕ ಬುಟ್ಟಿ ಇಳಿಸಿ, "ಅಣ್ಣ, ಇದು ಲಾರೀನಾ, ಕಾರಾ?" ಎಂದು ಕೇಳಿದಳು. ನಾನು ಬರೆಯಬೇಕಾಗಿದ್ದ ವಿಮರ್ಶೆಯ ಮುಖ್ಯ ಪ್ರಶ್ನೆಯೇ ಅದು. ಅಮ್ಮ ಹೊಸ್ತಿಲ ಮೇಲೆ ನಿಂತು ನೋಡಿ, "ಮುಂದುಗಡೆ ಇಷ್ಟು ಜೋರಾಗಿ ಮಾಡಿ, ಹಿಂದೆ ಚಾವಣಿ ಹಾಕೋದೇ ಮರ್ತುಬಿಟ್ಟಿದ್ದಾರಲ್ಲೋ ಸೀನ" ಎಂದಳು. ಶ್ರೀನಿವಾಸ ಎಂಬ ನನ್ನ ಹೆಸರನ್ನು ಅವಳು ಪೂರ್ತಿ ಹೇಳಿದ್ದನ್ನು ನಾನು ಕೇಳಿಲ್ಲ.

ನಾನು ಹುಮ್ಮಸ್ಸಿನಲ್ಲಿ ಗುಡುಗಿನ ಗುಂಡಿ ಒತ್ತಿದೆ. ಎದುರು ಮನೆಯ ಕಿಟಕಿ ಗಾಜು ಅದುರಿತು. ನನ್ನ ಹೆಂಡತಿ ಸುಮಿತ್ರ ಕಿವಿ ಮುಚ್ಚಿಕೊಂಡು, "ಥೇಟ್ ನಿಮ್ಮ ಚಿಕ್ಕಮ್ಮ. ಕೂತಲ್ಲೇ ಗುಡುಗುತ್ತೆ" ಎಂದುಬಿಟ್ಟಳು.

ಅಮ್ಮ ಸರಕ್ಕನೆ ತಿರುಗಿ ಒಳಗೆ ಹೋದಳು.

ಚಿಕ್ಕಮ್ಮನ ಹೆಸರು ನಮ್ಮ ಮನೆಯಲ್ಲಿ ಎತ್ತಬಾರದ್ದು. ಸುಮಿತ್ರ ನಾಲಗೆ ಕಚ್ಚಿಕೊಂಡಳು. ಅಮ್ಮ ಜಯಮ್ಮ, ಚಿಕ್ಕಮ್ಮ ರತ್ನಮ್ಮ, ಇಬ್ಬರೇ ಮಕ್ಕಳು. ಅವರ ತವರು ಕುಂದಲಹಳ್ಳಿಯ ಪಕ್ಕದ ಒಂದು ಹಳ್ಳಿ, ಈಗ ಅದರ ಮೇಲೆ ಗಾಜಿನ ಗೋಡೆಯ ಕಚೇರಿಗಳು ಕೂತಿವೆ. ಅಮ್ಮನನ್ನು ಪೀಣ್ಯದ ಕಾರ್ಖಾನೆ ನೌಕರನಿಗೆ ಕೊಟ್ಟಾಗ ಊರೆಲ್ಲ ಅವಳ ಅದೃಷ್ಟ ಹೊಗಳಿತಂತೆ: ತಿಂಗಳ ಸಂಬಳ, ದೀಪಾವಳಿಗೆ ಬೋನಸ್, ಕಾರ್ಖಾನೆ ಆಸ್ಪತ್ರೆಯಲ್ಲಿ ಬಿಟ್ಟಿ ಔಷಧಿ. ಚಿಕ್ಕಮ್ಮನನ್ನು ಕುಂದಲಹಳ್ಳಿಯ ಒಕ್ಕಲು ಮನೆಗೆ ಕೊಟ್ಟಾಗ, "ಪಾಪ, ರತ್ನ ಸಗಣಿ ಬಾಚ್ಕೊಂಡೇ ಇರ್ಬೇಕು" ಎಂದರಂತೆ. ರಜೆಯಲ್ಲಿ ಅಮ್ಮ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋಗುವಾಗ ತಂಗಿಗೆ ಸೋಪು, ಪೌಡರ್, ಕಾರ್ಖಾನೆ ಕ್ಯಾಂಟೀನಿನ ಬಿಸ್ಕತ್ತು ಒಯ್ಯುತ್ತಿದ್ದಳು. ಅಕ್ಕನ ಕೈ ಮೇಲಿತ್ತು. ಆಮೇಲೆ ವೈಟ್‌ಫೀಲ್ಡಿನ ಕಡೆ ಕಂಪನಿಗಳು ಬಂದವು. ಚಿಕ್ಕಮ್ಮನ ರಾಗಿ ಹೊಲದ ಅಂಚಿನಲ್ಲಿ ರಸ್ತೆ ಬಂತು. ರಸ್ತೆಯ ಅಂಚಿನಲ್ಲಿ ಅವರ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿತು, ತುಂಬ ಪಿ.ಜಿ. ಹುಡುಗರು, ಊಟ ಸಮೇತ ಬಾಡಿಗೆಗಿರುವವರು. ಚಿಕ್ಕಮ್ಮ ಮಾತ್ರ ಕಟ್ಟಡದ ಹಿಂದೆ ತಗಡಿನ ಕೊಟ್ಟಿಗೆ ಹಾಕಿಸಿ ಒಂದು ಹಸು ಉಳಿಸಿಕೊಂಡಳು.

ಆ ಕಟ್ಟಡದ ಗೃಹಪ್ರವೇಶದ ದಿನವೇ ಜಗಳ ಆದದ್ದು. ಜಗಳ ಎನ್ನುವುದೂ ತಪ್ಪು, ಯಾರೂ ಒಂದು ಮಾತನ್ನೂ ಆಡಲಿಲ್ಲ. ಎಲ್ಲರಿಗೂ ಹೆಸರು ಕೆತ್ತಿಸಿದ ಸ್ಟೀಲ್ ಲೋಟದಲ್ಲಿ ಕಾಫಿ ಬಂತು. ಅಮ್ಮನಿಗೆ ಮಾತ್ರ ಪೇಪರ್ ಲೋಟದಲ್ಲಿ. ಅಮ್ಮ ಆ ಲೋಟವನ್ನು ಕಿಟಕಿಯ ಮೇಲಿಟ್ಟು, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿ ಮನೆಗೆ ಬಂದಳು. ಅದಾದ ಮೇಲೆ ವರ್ಷಗಳು ಉರುಳಿದವು. ಮದುವೆ ಮನೆಗಳಲ್ಲಿ ಇಬ್ಬರೂ ಬೇರೆಬೇರೆ ಪಂಕ್ತಿಯಲ್ಲಿ ಕೂತರು. ಅಪ್ಪ ತೀರಿಕೊಂಡಾಗ ಚಿಕ್ಕಮ್ಮ ಬಂದು ಮೂಲೆಯಲ್ಲಿ ಕೂತು ಅತ್ತು ಹೋದಳು. ಆಗಲೂ ಅವರಿಬ್ಬರು ಮಾತಾಡಲಿಲ್ಲ. ನನಗೆ ಇಬ್ಬರೂ ಬೇಕು. ಇಬ್ಬರ ತಲೆಯೂ ಪೂರ್ತಿ ಬೆಳ್ಳಗಾಗಿದ್ದನ್ನು ನೋಡುತ್ತಾ, ಇವರು ಹೀಗೇ ಇದ್ದುಬಿಟ್ಟರೆ ಏನು ಗತಿ ಎಂಬ ಯೋಚನೆ ಆಗಾಗ ಬರುತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಗಾಡಿ ಬಂದ ದಿನ ಸಂಜೆ ಸಂಪಾದಕರು ಮತ್ತೆ ಫೋನ್ ಮಾಡಿದರು. "ಶ್ರೀನಿವಾಸ್, ನಮ್ಮ ಓದುಗರು ಮರಳುಗಾಡಿಗೆ ಹೋಗೋರಲ್ಲ. ಇಷ್ಟು ದೊಡ್ಡ ಗಾಡಿ ಬೆಂಗಳೂರಲ್ಲಿ ಇಟ್ಕೊಂಡು ಏನ್ ಮಾಡೋದು, ಅದನ್ನ ಬರೀರಿ. ಏನಾದ್ರೂ ಭಾರ ಹೊರಿಸಿ ನೋಡಿ."

"ಭಾರ ಅಂದ್ರೆ?" ಎಂದು ನಾನು ಮನೆಯಲ್ಲಿ ಗಟ್ಟಿಯಾಗಿ ಯೋಚಿಸಿದೆ. ಸುಮಿತ್ರ ಕಿಟಕಿಯಿಂದ ಅಂಗಳದ ಕಡೆ ಗದ್ದದಿಂದ ಸನ್ನೆ ಮಾಡಿದಳು. ನಲ್ಲಿಯ ಕೆಳಗೆ ಕಲ್ಲುಬಾನಿ ಕೂತಿತ್ತು.

ಬಾನಿ ಎಂದರೆ ದನಕ್ಕೆ ಮುಸುರೆ ಕಲಸಿಡುವ ಕಲ್ಲಿನ ತೊಟ್ಟಿ. ಅಮ್ಮನ ತವರು ಮನೆಯ ಕೊಟ್ಟಿಗೆಯಲ್ಲಿ ಇದ್ದದ್ದು. ಆ ಮನೆ ಕೆಡವಿದಾಗ ಅಪ್ಪ ಟೆಂಪೋದಲ್ಲಿ ಹೇರಿಸಿ ತಂದ. ನೀರು ಬಿಟ್ಟೂಬಿಟ್ಟು ಬರುತ್ತಿದ್ದ ಕಾಲದಲ್ಲಿ ಅದೇ ನಮ್ಮ ತೊಟ್ಟಿ. ಬಟ್ಟೆ ನೆನೆಹಾಕುವುದು ಅದರಲ್ಲಿ, ಈಗ ಹಾಸ್ಟೆಲಿನಲ್ಲಿರುವ ನನ್ನ ಮಗಳು ಚಿಕ್ಕಂದಿನಲ್ಲಿ ಪೇಪರ್ ದೋಣಿ ಬಿಡುತ್ತಿದ್ದದ್ದು ಅದರಲ್ಲಿ. ಈಗ ಮಹಡಿಯ ಮೇಲಿನ ಬಾಡಿಗೆಯವರು ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದರು, ಅದನ್ನು ನಿಲ್ಲಿಸಲು ಜಾಗವಿರಲಿಲ್ಲ. ಬಾನಿಯನ್ನು ಸುತ್ತಿಗೆಯಿಂದ ಒಡೆಸಿಬಿಡೋಣ ಎಂದು ನಾನು ಒಮ್ಮೆ ಅಂದದ್ದಕ್ಕೆ ಅಮ್ಮ ಎರಡು ದಿನ ನನಗೆ ಅನ್ನ ಬಡಿಸಿರಲಿಲ್ಲ.

"ಅತ್ತೆ, ಬಾನೀನ ಎಲ್ಲಿಗಾದ್ರೂ ಸಾಗಿಸೋದಾದ್ರೆ ಈಗ ಗಾಡಿ ಇದೆ" ಎಂದು ಸುಮಿತ್ರ ಅವರೆಕಾಳು ಹಿಸುಕುತ್ತಾ ಹೇಳಿದಳು. ಎಲ್ಲಿಗೆ ಎಂದು ಹೇಳಲಿಲ್ಲ. ಅಮ್ಮ ಬಹಳ ಹೊತ್ತು ಕಾಳು ಹಿಸುಕಿದಳು.

"ಹಸು ಇರೋ ಮನೇಲಿ ಇರ್ಬೇಕಾದ್ದು ಅದು" ಎಂದಳು ಕೊನೆಗೆ. "ಬೇಕಾದ್ರೆ ತಗೊಂಡು ಹೋಗಿ ಕೊಡಿ. ನಾನು ಕೊಟ್ಟೆ ಅಂತ ಹೇಳ್ಬೇಡಿ."

ಚಿಕ್ಕಮ್ಮನ ಮಗ ಮಹೇಶನಿಗೆ ಫೋನ್ ಮಾಡಿದೆ. ಅವನು "ಆಯ್ತಣ್ಣ" ಎನ್ನುವಷ್ಟರಲ್ಲಿ ಚಿಕ್ಕಮ್ಮ ಫೋನ್ ಕಸಿದುಕೊಂಡಳು.

"ಸೀನ, ನಿಮ್ಮಮ್ಮ ಬಾನಿ ಕೊಡ್ತಾಳಾ?"

"ಮನೇಲಿ ಜಾಗ ಇಲ್ಲ ಚಿಕ್ಕಮ್ಮ, ಅದಕ್ಕೆ."

"ಅದೇ ಬಾನಿ ಅಂತ ಏನ್ ಗ್ಯಾರಂಟಿ? ಎಲ್ಲೋ ಒಂದು ಕಲ್ಲು ಕಳ್ಸಿ ಇದೇ ಅಂದ್ರೆ ನಾನು ನಂಬೋಳಲ್ಲ. ನಾನೇ ಬಂದು ನೋಡ್ತೀನಿ."

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ನಾವು ತಿಂಡಿ ತಿನ್ನುವ ಹೊತ್ತಿಗೆ ಚಿಕ್ಕಮ್ಮ ಮೆಟ್ರೋ ಹಿಡಿದು, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಪೀಣ್ಯದಲ್ಲಿ ಇಳಿದು, ಆಟೋ ಮಾಡಿಕೊಂಡು ಬಂದೇಬಿಟ್ಟಳು. ಕೈಯಲ್ಲಿ ಒಂದು ಕ್ಯಾನು. ಅವಳ ಹಸು ಪುಟ್ಟಿ ಕರು ಹಾಕಿ ಎರಡೇ ದಿನವಾಗಿತ್ತು. ಅಮ್ಮ ಎದುರಿಗೇ ಕೂತಿದ್ದರೂ ಕ್ಯಾನನ್ನು ಸುಮಿತ್ರಳ ಕೈಗಿತ್ತು, "ತಗಳಮ್ಮ, ಗಿಣ್ಣಾಲು. ಬೆಲ್ಲ ಆಕಿ ಒಂದಿಷ್ಟು, ಬೆಲ್ಲ ಇಲ್ದಲೆ ಒಂದಿಷ್ಟು ಮಾಡು" ಎಂದಳು. ಅಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ಒಳಗೆ ಹೋದಳು.

ಚಿಕ್ಕಮ್ಮ ಅಂಗಳಕ್ಕೆ ಹೋಗಿ ಬಾನಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಅಂಚಿನ ಸುತ್ತ ಬೆರಳಾಡಿಸಿದಳು. ತಲೆಮಾರುಗಟ್ಟಲೆ ದನಗಳು ಕತ್ತು ಚಾಚಿ ಚಾಚಿ ಒಂದು ಕಡೆ ಕಲ್ಲು ತಗ್ಗಾಗಿ, ನುಣ್ಣಗಾಗಿದೆ. ಬೆರಳು ಅಲ್ಲಿ ನಿಂತಿತು. "ಇದೇ" ಎಂದಳು, ಯಾರಿಗೂ ಅಲ್ಲದಂತೆ.

ಏರಿಸಲು ಪಕ್ಕದ ಫ್ಯಾಬ್ರಿಕೇಷನ್ ಶೆಡ್ಡಿನ ನಜೀರ್ ಭಾಯಿ ಕಪ್ಪಿ ಸರಪಳಿ ತಂದ. ಜೊತೆಗೆ ನಾಲ್ಕು ಜನ. ಗಾಡಿಯ ಹಿಂಬಾಗಿಲು ಮೆಲ್ಲಗೆ, ದೊಡ್ಡ ಮನುಷ್ಯರ ಗತ್ತಿನಲ್ಲಿ ಕೆಳಗಿಳಿಯಿತು. ನಜೀರ್ ಭಾಯಿ ಅದನ್ನು ಸವರಿ, "ಸಾರ್, ಇದ್ರಲ್ಲಿ ಕಲ್ಲು ಹಾಕ್ತೀರಾ? ಮನಸ್ಸು ಬರುತ್ತಾ ನಿಮ್ಗೆ?" ಎಂದ. ನನಗೂ ಬರುತ್ತಿರಲಿಲ್ಲ. ಗೀರು ಬೀಳಬಾರದು ಎಂದವನ ನಿಟ್ಟುಸಿರು ಕಿವಿಯಲ್ಲೇ ಇತ್ತು. ಆಗ ಅಮ್ಮ ಒಳಗಿನಿಂದ ತನ್ನ ಹಳೆಯ ಹತ್ತಿ ಹಾಸಿಗೆ ಎಳೆದು ತಂದು ಡಬ್ಬಿಯೊಳಗೆ ಹಾಸಿದಳು. ಬಾನಿ ತೂಗಾಡುತ್ತಾ ಹೋಗಿ ಅದರ ಮೇಲೆ ಕೂತಿತು. ಗಾಡಿ ಹಿಂಭಾಗ ಕುಸಿದು ಸಮಾಧಾನ ಮಾಡಿಕೊಂಡಿತು. ಬೆಲ್ಟು ಬಿಗಿದೆವು.

ಹೊರಡುವ ಹೊತ್ತಿಗೆ ಅಮ್ಮ ಹೊರಗೆ ಹೋಗುವ ಸೀರೆ ಉಟ್ಟು, ಚೀಲ ಹಿಡಿದು ನಿಂತಿದ್ದಳು.

"ನಾನೂ ಬರ್ತೀನಿ. ಎಲ್ಲಿಡ್ತಾರೋ ನೋಡ್ಬೇಕು. ಪಿ.ಜಿ. ಹುಡುಗರು ಚಪ್ಪಲಿ ಬಿಡೋ ಜಾಗ ಮಾಡಿದ್ರೆ ವಾಪಸ್ ತರ್ತೀನಿ."

ಹೀಗೆ ಮರಳುಗಾಡಿನ ಓಟಕ್ಕೆಂದು ಹುಟ್ಟಿದ ಆ ಗಾಡಿಯ ಹಿಂದಿನ ಸೀಟಿಗೆ, ಎಡಗಡೆ ಬಾಗಿಲಿನಿಂದ ಅಕ್ಕನೂ ಬಲಗಡೆ ಬಾಗಿಲಿನಿಂದ ತಂಗಿಯೂ ಒಂದೇ ಅಡಿಗೆಮನೆ ಮಣೆಯನ್ನು ಸರದಿಯ ಮೇಲೆ ಮೆಟ್ಟಿ ಹತ್ತಿದರು. ಚಿಕ್ಕಮ್ಮ ನಡುವಿನ ಕೈದಿಂಬನ್ನು ಎಳೆದು ಬೀಳಿಸಿದಳು. ಅಮ್ಮ ಅದರ ಮೇಲೆ ತನ್ನ ಚೀಲ ಇಟ್ಟಳು. ಗಡಿ ಗುರುತಾಯಿತು. ಸುಮಿತ್ರ ನನ್ನ ಪಕ್ಕದಲ್ಲಿ ಕೂತು ಸೀಟ್ ಬೆಲ್ಟನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹಾಕಿಕೊಂಡಳು.

ಗೊರಗುಂಟೆಪಾಳ್ಯ ದಾಟಿ ಹೊರವರ್ತುಲ ರಸ್ತೆಗೆ ಬಿದ್ದೆವು. ಹಿಂದಿನ ದಿನ ಖಾಲಿ ಓಡಿಸಿದಾಗ ಪ್ರತಿ ರಸ್ತೆಯುಬ್ಬಿಗೂ ಕುಪ್ಪಳಿಸುತ್ತಿದ್ದ ಗಾಡಿ, ಬಾನಿ ಬಿದ್ದ ಮೇಲೆ ತುಂಬು ಬಸುರಿಯಂತೆ ಗಂಭೀರವಾಗಿ ನಡೆಯಿತು. ಇದನ್ನು ಬರೆಯಬೇಕು ಎಂದುಕೊಂಡೆ. ವೇಗದ ವಿಷಯ ಬರೆಯಲು ಏನೂ ಇರಲಿಲ್ಲ. ಭಾನುವಾರವೂ ಹೆಬ್ಬಾಳದಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಇನ್ನೂರಕ್ಕೂ ಹೆಚ್ಚು ಕುದುರೆಗಳ ಶಕ್ತಿ ನನ್ನ ಪಾದದ ಕೆಳಗಿತ್ತು. ಮುಂದೆ ಒಂದು ನೀರಿನ ಟ್ಯಾಂಕರ್ ಇತ್ತು.

"ಸುಮಿತ್ರ, ಎಸಿ ಕಮ್ಮಿ ಮಾಡಕ್ ಯೋಳು" ಎಂದಳು ಚಿಕ್ಕಮ್ಮ. "ವಯಸ್ಸಾದೋರ್ಗೆ ಮಂಡಿ ಇಡ್ಕತದೆ."

"ಸುಮಿತ್ರ, ನಂಗೇನೂ ಮಂಡಿ ನೋವಿಲ್ಲ ಅಂತ ಹೇಳು" ಎಂದಳು ಅಮ್ಮ.

ಸುಮಿತ್ರ ಕತ್ತು ತಿರುಗಿಸದೆ, "ಇಬ್ಬರಿಗೂ ಕೇಳಿಸ್ತು ಅಂದ್ಕೋತೀನಿ" ಎಂದಳು.

ನಾಗವಾರದ ಹತ್ತಿರ ಚಿಕ್ಕಮ್ಮ ಚೀಲದಿಂದ ಚಕ್ಕುಲಿ ತೆಗೆದು ಸುಮಿತ್ರಳಿಗೂ ನನಗೂ ಕೊಟ್ಟಳು. ಉಳಿದದ್ದನ್ನು ಕೈದಿಂಬಿನ ಮೇಲೆ, ಅಮ್ಮನ ಚೀಲದ ಪಕ್ಕ ಇಟ್ಟಳು. ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಕನ್ನಡಿಯಲ್ಲಿ ನಾನು ನೋಡುತ್ತಿದ್ದಂತೆ ಒಂದು ಚಕ್ಕುಲಿ ಕಡಿಮೆಯಾಯಿತು. ಅಗಿಯುವ ಸದ್ದು ಮಾತ್ರ ಕೇಳಿಸಲಿಲ್ಲ; ಬಾಯಲ್ಲೇ ನೆನೆಯಲು ಬಿಟ್ಟಿರಬೇಕು.

ಕೆ.ಆರ್. ಪುರದ ತೂಗುಸೇತುವೆ ಇಳಿಯುವಾಗ ಊಟ ತಲುಪಿಸುವ ಬೈಕಿನವನೊಬ್ಬ ಎಡದಿಂದ ಬಲಕ್ಕೆ ಅಡ್ಡ ಬಂದ. ಬ್ರೇಕ್ ಒತ್ತಿದೆ. ಗಾಡಿ ನಿಂತಲ್ಲೇ ನಿಂತಿತು, ಆದರೆ ಬಾನಿ ನಿಲ್ಲಲಿಲ್ಲ. ಹಿಂದೆ ದಢ್ ಎಂದು ಸದ್ದಾಗಿ ಇಡೀ ಗಾಡಿ ನಡುಗಿತು.

ಕನ್ನಡಿಯಲ್ಲಿ ನೋಡಿದರೆ ಹಿಂದೆ ಮುಖಗಳೇ ಇಲ್ಲ, ಎರಡು ಬೆನ್ನುಗಳು. ಇಬ್ಬರೂ ಸೀಟಿನ ಮೇಲೆ ಮಂಡಿಯೂರಿ, ಹಿಂದಿನ ಗಾಜಿಗೆ ಹಣೆ ಒತ್ತಿ ನೋಡುತ್ತಿದ್ದರು. ಸೋದರತ್ತೆಯ ಮನೆಗೆ ಹೊರಟ ಸ್ಕೂಲು ಹುಡುಗಿಯರ ಹಾಗೆ.

"ಬಿರುಕು ಬಿಡ್ತೇನಕ್ಕ?"

"ಇಲ್ಲ ಕಣೆ, ಹಾಸಿಗೆ ಮೇಲೇ ಜರುಗಿದೆ. ಆ ಮೂಲೆ ನೋಡು."

"ತಗ್ಗು ಇರೋ ಕಡೆ?"

"ಅಲ್ಲೂ ಏನಾಗಿಲ್ಲ."

ಇಬ್ಬರೂ ತಿರುಗಿ ಕೂತರು. ಆಗ ಅವರಿಗೆ ತಾವು ಮಾತಾಡಿದ್ದು ಗೊತ್ತಾಯಿತು. ಅಮ್ಮನ ಕೈ ಚಿಕ್ಕಮ್ಮನ ಮೊಣಕೈ ಹಿಡಿದಿತ್ತು. ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ನಾನು ಒಂದು ಟೈರ್ ಅಂಗಡಿಯ ಮುಂದೆ ನಿಲ್ಲಿಸಿ, ಇಳಿದು ಬೆಲ್ಟು ಬಿಗಿ ಮಾಡಿದೆ. ಡಬ್ಬಿಯ ಒಳಬದಿಯಲ್ಲಿ ಅಂಗೈಯಗಲ ಒಂದು ಗೀರು ಬಿದ್ದಿತ್ತು. ವಾಪಸ್ ಬಂದು ಬಾಗಿಲು ತೆಗೆದಾಗ ಒಳಗೆ ಜಗಳ ಶುರುವಾಗಿತ್ತು. ಸುಮಿತ್ರ ನನ್ನ ಮುಖ ನೋಡಿ, ಸುಮ್ಮನೆ ಓಡಿಸಿ ಎಂಬಂತೆ ಕಣ್ಣು ಮಾಡಿದಳು.

"ನಾಲ್ಕು ಜನದ ಮುಂದೆ ನಂಗೆ ಪೇಪರ್ ಲೋಟದಾಗೆ ಕಾಪಿ ಕೊಟ್ಯಲ್ಲೆ."

"ಯಾವ ಕಾಪಿ?"

"ಯಾವ ಕಾಪಿ ಅಂತೆ. ನಿನ್ನ ಬಿಲ್ಡಿಂಗ್ ಒಕ್ಕಲಿನ ದಿನ. ನಿನ್ನ ಓರಗಿತ್ತೀರ್ಗೆಲ್ಲ ಎಸ್ರು ಕೆತ್ಸಿದ್ ಲೋಟ. ಒಡವುಟ್ದೋಳ್ಗೆ ಬಿಸಾಕೋ ಲೋಟ."

ನಿಮಗೆ ಒಂದು ಮಾತು ಹೇಳಬೇಕು. ಕಾರ್ಖಾನೆ ಜನರ ನಡುವೆ ಬಾಳಿ ಅಮ್ಮ ಹಕಾರ ಕಲಿತವಳು. ಹಾಲು, ಹಣ್ಣು, ಹಬ್ಬ ಎಂದು ಸ್ಪಷ್ಟವಾಗಿ ಹೇಳಬಲ್ಲಳು. ಚಿಕ್ಕಮ್ಮ ಆಲು ಅಣ್ಣು ಎಂದಾಗ ತಿದ್ದುತ್ತಿದ್ದವಳು. ಮಹದೇವಪುರ ಬ‌ರುವಷ್ಟರಲ್ಲಿ ಅವಳ ಹಕಾರ ರಸ್ತೆಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ಅವಳು ನಿಜವಾಗಿ ಸಿಟ್ಟಾಗಿದ್ದಾಳೆ ಎಂದು ನನಗೆ ಗೊತ್ತಾದದ್ದು ಅದರಿಂದ.

ಚಿಕ್ಕಮ್ಮ ಅಕ್ಕನ ಕಡೆ ಪೂರ್ತಿ ತಿರುಗಿ ಕೂತಳು. ಆಮೇಲೆ ಕೇಳಿದಳು, "ಅದನ್ನ ಕುಡಿದ್ಯಾ?"

"ಯಾಕ್ ಕುಡೀಲಿ? ಕಿಟಕಿ ಮೇಲಿಟ್ಟು ಬಂದೆ."

"ಕುಡಿದಿದ್ರೆ ಗೊತ್ತಾಗೋದು. ಸಕ್ರೆ ಇಲ್ದಿರೋ ಕಾಪಿ ಅದು. ನಿಂಗೆ ಸಕ್ರೆ ಕಾಯ್ಲೆ ಬಂದಿದ್ದು ಆ ವರ್ಷಾನೆ ಅಲ್ವಾ? ಅಡಿಗೆಯೋನು ಅಂಡೆಗೇ ಸಕ್ರೆ ಸುರ್ದುಬಿಟ್ಟಿದ್ದ. ಒಳಕ್ಕೋಗಿ ನಾನೇ ಬೇರೆ ಕಾಯಿಸ್ದೆ. ಬಡಿಸೋರು ಅದ್ಲುಬದ್ಲು ಮಾಡ್ಬಾರ್ದು ಅಂತ ಗುರುತಿಗೆ ಪೇಪರ್ ಲೋಟಕ್ಕೆ ಉಯ್ದೆ."

ಈ ಎಂಜಿನ್ನಿನ ಒಂದು ಗುಣ ನಾನು ಆಗಲೇ ಗಮನಿಸಿದ್ದು: ಗುಡುಗಿನ ಗುಂಡಿ ಒತ್ತದಿದ್ದರೆ ಅದು ಬಹಳ ಮೌನದ ಪ್ರಾಣಿ. ಮುಂದಿನ ಕಂಪನಿ ಕ್ಯಾಬಿನ ಬ್ರೇಕ್ ದೀಪಗಳು ಹತ್ತಿ ಆರಿ ಹತ್ತಿದವು. ಕನ್ನಡಿಯಲ್ಲಿ ಹಿಂದೆ ನೋಡಲು ನನಗೆ ಧೈರ್ಯ ಬರಲಿಲ್ಲ.

"ಯೋಳ್ಬಾರ್ದಿತ್ತೇನೆ?" ಎಂದಳು ಅಮ್ಮ, ಬಹಳ ಸಣ್ಣ ದನಿಯಲ್ಲಿ.

"ನಿಂತಿದ್ಯಾ ಯೋಳಕ್ಕೆ? ಎಲೆ ಆಕೋ ಒತ್ಗೆ ಬಸ್ಸು ಏರಿದ್ದೆ. ಫೋನ್ ಮಾಡಿದ್ರೆ ಎತ್ಲಿಲ್ಲ. ಲೋಟದ ಇಸ್ಯ ನಂಗೇನ್ ಗೊತ್ತು? ನಾವು ಬಿಲ್ಡಿಂಗ್ ಕಟ್ಟಿದ್ದಕ್ಕೆ ಒಟ್ಟೆಕಿಚ್ಚು ಅಂತ ತಿಳ್ಕಂಡೆ."

ಮಾರತ್ತಹಳ್ಳಿಯ ಸಿಗ್ನಲ್ಲು ಕೆಂಪಾಯಿತು. ಹಸಿರಾಯಿತು. ನಾವು ಕದಲುವ ಮೊದಲೇ ಮತ್ತೆ ಕೆಂಪಾಯಿತು.

"ಅದೂ ಇತ್ತು" ಎಂದಳು ಅಮ್ಮ.

ನನ್ನ ಅಮ್ಮನ ಬಾಯಲ್ಲಿ ನಾನು ಕೇಳಿದ ಅತ್ಯಂತ ಕಷ್ಟದ ಎರಡು ಪದ ಅವು. ಸುಮಿತ್ರ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಚಿಕ್ಕಮ್ಮ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. "ನಂಗೂ ಇತ್ತು ಬಿಡು. ಅವ್ವನ ಮನೆ ಕೆಡವ್ದಾಗ ಭಾವನ್ನ ಕರ್ಕಂಬಂದು ಬಾನಿ ಏರಿಸ್ಕಂಡೋದೆ. ಅಸು ಇಲ್ದಿರೋ ಮನೆಗೆ. ನಂಗೆ ಬೇಕಾ ಅಂತ ಒಂದ್ ಮಾತು ಕೇಳ್ಲಿಲ್ಲ."

"ಕೇಳಿದ್ರೆ ಬೇಕು ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ."

ಮೊದಲು ಯಾರು ನಕ್ಕರೋ ಗೊತ್ತಾಗಲಿಲ್ಲ. ನಗು ಹೊಟ್ಟೆಯಿಂದ ಬಂತು, ನಿಲ್ಲಲಿಲ್ಲ. ಪಕ್ಕದ ಬಸ್ಸಿನ ಕಿಟಕಿಯಲ್ಲಿ ಕೂತಿದ್ದವರು ಬಗ್ಗಿ ನೋಡಿದರು. ಕೈದಿಂಬು ಮಡಚಿದ ಸದ್ದಾಯಿತು. ಆಮೇಲೆ ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು, ಒಬ್ಬರ ಮಾತು ಮುಗಿಯುವುದನ್ನು ಇನ್ನೊಬ್ಬರು ಕಾಯದೆ: ಬಾನಿಯೊಳಗೆ ಅವಿತು ಕೂತು ಅವ್ವನ ಕೈಲಿ ಸಿಕ್ಕಿಬಿದ್ದದ್ದು, ಒಮ್ಮೆ ಎಮ್ಮೆ ಅಮ್ಮನ ಜಡೆ ಮೇಯ್ದದ್ದು, ಅಪ್ಪ ಹೆಣ್ಣು ನೋಡಲು ಬಂದ ದಿನ ಚಿಕ್ಕಮ್ಮ ಅವರ ಚಪ್ಪಲಿಯನ್ನು ಮುಸುರೆಯಲ್ಲಿ ಬಚ್ಚಿಟ್ಟದ್ದು. ಆ ಕೊನೆಯದು ನನಗೆ ಹೊಸದು. ಅಪ್ಪ ಮದುವೆಗೆ ಒಪ್ಪಿದ್ದೇ ಬರಿಗಾಲಲ್ಲಿ ವಾಪಸ್ ಹೋಗಲು ನಾಚಿಕೆಯಾಗಿ ಊಟದ ತನಕ ಕೂತದ್ದರಿಂದ ಎಂದು ಅಮ್ಮ ಹೇಳಿದಳು. ನಾನು ಹುಟ್ಟಿದ್ದು ಒಂದು ಜೊತೆ ಚಪ್ಪಲಿಯ ದೆಸೆಯಿಂದ ಎಂದಾಯಿತು.

ಕುಂದಲಹಳ್ಳಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಚಿಕ್ಕಮ್ಮನ ಓಣಿಗೆ ಗಾಡಿ ನುಗ್ಗಿಸಿದಾಗ ಪಿ.ಜಿ. ಹುಡುಗರು ಒಣಹಾಕಿದ ಬನಿಯನ್ನುಗಳನ್ನು ಸರಿಸಿ ದಾರಿ ಬಿಟ್ಟರು. ಒಬ್ಬ ಗಾಡಿಯ ಸುತ್ತ ಪ್ರದಕ್ಷಿಣೆ ಬಂದು, "ಅಂಕಲ್, ಎಷ್ಟು ಸ್ಪೀಡ್ ಹೋಗುತ್ತೆ?" ಎಂದು ಕೇಳಿದ.

"ಇವತ್ತು ಸೈಕಲ್ಲಿಗಿಂತ ಸ್ವಲ್ಪ ಜಾಸ್ತಿ" ಎಂದೆ.

ಪಕ್ಕದ ಸೈಟಿನಲ್ಲಿ ಪಾಯ ತೋಡುತ್ತಿದ್ದ ಜೆಸಿಬಿಯನ್ನು ಮಹೇಶ ಕರೆದು ತಂದ. ಅದು ಬಾನಿಯನ್ನು ಎತ್ತಿ, ಕೊಟ್ಟಿಗೆಯಲ್ಲಿ ಚಿಕ್ಕಮ್ಮ ಕಾಲಿನಿಂದ ಗೆರೆ ಎಳೆದು ತೋರಿಸಿದ ಜಾಗದಲ್ಲಿ ಇಳಿಸಿತು. ಚಿಕ್ಕಮ್ಮ ಬೂಸಾ, ಹಿಂಡಿ, ನೀರು ಕಲಸಿ ಹಾಕಿದಳು. ನಾವೆಲ್ಲ ಸುತ್ತ ನಿಂತೆವು. ಪುಟ್ಟಿ ಬಂತು, ಮೂಸಿತು, ಜೋರಾಗಿ ಸೀನಿತು, ತಿರುಗಿ ತನ್ನ ಅರ್ಧ ಕತ್ತರಿಸಿದ ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ಕಡೆಗೆ ಹೋಯಿತು.

"ನಿನ್ನ ಹಸೂಗೆ ಕೊಬ್ಬು" ಎಂದಳು ಅಮ್ಮ.

"ನಿನ್ನ ಬಾನೀಗೆ ಸೋಪಿನ ವಾಸ್ನೆ. ವರ್ಷಾನುಗಟ್ಲೆ ಬಟ್ಟೆ ನೆನ್ಯಾಕಿ ಈಗ ತಿನ್ನು ಅಂದ್ರೆ ಅದು ಯಂಗ್ ತಿನ್ನತ್ತೆ?"

ಅಮ್ಮ ಬಗ್ಗಿ ಮೂಸಿ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹುಣಸೆಹಣ್ಣು ಇದ್ಯಾ? ತೆಂಗಿನ ನಾರು ತಗೊಂಡು ಬಾ."

ಊಟ ಮುಗಿಸಿ ನಾವು ಹೊರಡಲು ಎದ್ದಾಗಲೂ ಇಬ್ಬರೂ ಬಾನಿಯ ಆ ಕಡೆ ಈ ಕಡೆ ಕೂತು ಉಜ್ಜುತ್ತಲೇ ಇದ್ದರು. "ಅಮ್ಮ, ಹೊರಡೋಣ್ವಾ?" ಎಂದೆ.

ಅವಳು ತಲೆ ಎತ್ತಲಿಲ್ಲ. "ನೀವು ಹೋಗಿ. ಸಾಯಂಕಾಲ ಹಾಲು ಕರೆಯೋದಿದೆ."

ಅದನ್ನು ಅವಳು ಹೇಳಿದ ರೀತಿ ಕೇಳಿದರೆ ಆ ಮನೆಯಲ್ಲಿ ಹಾಲು ಕರೆಯುವವರು ಬೇರೆ ಯಾರೂ ಇಲ್ಲವೇನೋ, ಇಷ್ಟು ವರ್ಷ ಹಸು ಕೆಚ್ಚಲು ತುಂಬಿಸಿಕೊಂಡು ಇವಳನ್ನೇ ಕಾದಿತ್ತೇನೋ ಅನ್ನಿಸಬೇಕು.

ಭಾರವಿಲ್ಲದ ಗಾಡಿ ದಾರಿಯುದ್ದಕ್ಕೂ ನಮ್ಮನ್ನು ಕುಪ್ಪಳಿಸಿತು. ಹೆಬ್ಬಾಳದ ಮೇಲುಸೇತುವೆಯ ಮೇಲೆ ಒಂದು ಅರ್ಧ ನಿಮಿಷ ರಸ್ತೆ ಖಾಲಿಯಿತ್ತು. ಆಗ ನಾನು ಕಾಲು ಒತ್ತಬಹುದಿತ್ತು. ಸುಮಿತ್ರ ಏನೋ ಹೇಳುತ್ತಿದ್ದಳು, ಕೇಳಿಸಿಕೊಳ್ಳುತ್ತಾ ಮರೆತುಬಿಟ್ಟೆ. ಆಮೇಲೆ ನಾನು ಬರೆದ ವಿಮರ್ಶೆಯಲ್ಲಿ, ಈ ಗಾಡಿಗೆ ಯಾವಾಗಲೂ ಒಂದಿಷ್ಟು ಭಾರ ಇರಬೇಕು, ಹಿಂದಿನ ಸೀಟು ದೂರದ ಪ್ರಯಾಣಕ್ಕೆ ಅನುಕೂಲ, ಹಿಂಬದಿಯ ಗಾಜು ಇಬ್ಬರು ಒಟ್ಟಿಗೆ ನೋಡುವಷ್ಟು ಅಗಲವಿದೆ ಎಂದಿತ್ತು. ಸಂಪಾದಕರು ಓದಿ, "ಎಲ್ಲ ಸರಿ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ಬರೆದೇ ಇಲ್ಲವಲ್ಲ?" ಎಂದರು. ಗೊತ್ತಿಲ್ಲ ಸಾರ್ ಎಂದೆ. ಅವರು ಕಂಪನಿಯ ಕಾಗದ ನೋಡಿ ತಾವೇ ಸೇರಿಸಿಕೊಂಡರು.

ಅದು ಆಮೇಲಿನ ಮಾತು. ಮಾರನೆಯ ದಿನ ಬೆಳಿಗ್ಗೆ ಗಾಡಿ ಒಯ್ಯಲು ಕಂಪನಿಯವನು ಬಂದ. ಡಬ್ಬಿಯೊಳಗಿನ ಗೀರನ್ನು ನಾನೇ ತೋರಿಸಿದೆ. ಅವನು ಬಗ್ಗಿ ನೋಡಿ, "ಸಾರ್, ಇಲ್ಲಿ ಭಾರ ಹೇರಿದ್ರಾ? ಯಾರೂ ಹೇರಲ್ಲ" ಎಂದ, ಬೇಸರಕ್ಕಿಂತ ಆಶ್ಚರ್ಯದಲ್ಲಿ. ಬೀಗದ ಕೈ ಕೊಡುವ ಮೊದಲು ಅಮ್ಮನನ್ನು ಒಂದು ಮಾತು ಕೇಳಿಬಿಡೋಣ, ಬರುವುದಾದರೆ ಇದರಲ್ಲೇ ಹೋಗಿ ಕರೆತರಬಹುದು, ಇವನು ಒಂದೆರಡು ಗಂಟೆ ಕಾದಾನು ಎಂದು ಫೋನ್ ಮಾಡಿದೆ. ಎತ್ತಿದ್ದು ಚಿಕ್ಕಮ್ಮ.

"ಅಕ್ಕ ಕೆಲ್ಸದಾಗವಳೆ ಕಣೋ. ಬರಾದಿದ್ರೆ ಯೋಳ್ತಾಳೆ" ಎಂದು ಫೋನನ್ನು ಎಲ್ಲೋ ಇಟ್ಟಳು. ಕಟ್ ಮಾಡಲು ಮರೆತಿದ್ದಳು.

ಬಕೆಟ್ಟಿನ ಸದ್ದು ಕೇಳಿಸಿತು. ಕರು ಒಮ್ಮೆ ಕೂಗಿತು.

"ಬಾನೀಗೆ ನೀರು ಜಾಸ್ತಿ ಆಯ್ತು ಕಣೆ ರತ್ನ."

"ಬೂಸಾ ಕಮ್ಮಿ ಆಕಿದ್ದು ನೀನು."

"ಶ್, ಸುಮ್ನಿರು. ಬಂತು. ನೋಡ್ಬೇಡ ಅದ್ರ ಮುಖ, ನಾಚ್ಕೊಳತ್ತೆ."

ಹಸುವಿನ ಮೂಗುಸಿರು, ಅದರ ಹಿಂದೆಯೇ ಒಂದು ದೀರ್ಘವಾದ, ನಿಧಾನವಾದ, ಸೊರ್ ಎಂದು ಹೀರುವ ಸದ್ದು. ಕಂಪನಿಯವನು ಬೀಗದ ಕೈಗಾಗಿ ಅಂಗೈ ಚಾಚಿ ನಿಂತಿದ್ದ. ಒಂದು ನಿಮಿಷ ಇರಿ ಎಂದು ಅವನಿಗೆ ಕೈಸನ್ನೆ ಮಾಡಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.